ಹಟ್ಟಿಗೆಲ್ಲ ನೋಟೀಸು ಕೊಟ್ಟ ಕತೆ

ಕರಿ ಪರದೆಯ ಮೇಲೆ ಒಂದು ಸಾಲು ಟೈಪ್ ಮಾಡುವುದಕ್ಕೆ ಕೊಯಮತ್ತೂರಿನಿಂದ ಜನ ಬರಬೇಕೇ ಎಂದು ನಾನು ಕೇಳಿದ್ದು ನಿಜ. ಎಲ್ಲರ ಎದುರಿಗೇ ಕೇಳಿದೆ. ಆ ಮಾತನ್ನು ಇವತ್ತಿಗೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ನನ್ನ ಹೆಸರು ಗೌರಿ. ಕೀಳ್ ಕೋತಗಿರಿ ಕಡೆಯ ಇಳಿಜಾರಿನಲ್ಲಿರುವ ಒಂದು ಟೀ ಫ್ಯಾಕ್ಟರಿಯಲ್ಲಿ ಎಚ್.ಆರ್. ಆಫೀಸರ್. ಹುದ್ದೆಯ ಹೆಸರು ದೊಡ್ಡದು. ಕೆಲಸ ಇಷ್ಟೇ: ಯಾರು ಬಂದರು, ಯಾರು ಬರಲಿಲ್ಲ, ಬರದವರು ಯಾಕೆ ಬರಲಿಲ್ಲ, ಅವರು ಹೇಳುವ ಕಾರಣವನ್ನು ನಂಬಿದಂತೆ ಮುಖ ಮಾಡಬೇಕೇ ಬೇಡವೇ ಎಂದು ತೀರ್ಮಾನಿಸುವುದು. ನಮ್ಮ ಮನೆಮಾತು ಬಡಗ. ಆಫೀಸಿನಲ್ಲಿ ತಮಿಳು. ಮೈಸೂರಿನಲ್ಲಿ ಓದಿದ ಕಾರಣಕ್ಕೆ ಬರೆಯುವುದು ಕನ್ನಡ. ಹಾಗಾಗಿ ಇಲ್ಲಿ ಜನ ಆಡಿದ ಮಾತನ್ನೆಲ್ಲ ಓದುವವರಿಗೆ ತಿಳಿಯುವಷ್ಟು ಸಡಿಲಿಸಿ ಬರೆದಿದ್ದೇನೆ. ಬೈಗುಳಗಳನ್ನು ಪೂರ್ತಿ ಬಿಟ್ಟಿದ್ದೇನೆ.

ಕೊಯಮತ್ತೂರಿನ ಹೆಡ್ ಆಫೀಸಿನವರು ನಮಗೆ ಎಚ್.ಆರ್. ಸಾಫ್ಟ್‌ವೇರ್ ಒಂದನ್ನು ಕೊಟ್ಟಿದ್ದರು. ಒಬ್ಬರಿಗೆ ಒಂದು ದಿನ ರಜೆ ಹಾಕಬೇಕಾದರೆ ಅದರೊಳಗೆ ಎಷ್ಟು ಬಾಗಿಲು ತೆರೆಯಬೇಕೆಂದರೆ, ಕೊನೆಯ ಬಾಗಿಲಿಗೆ ಬರುವ ಹೊತ್ತಿಗೆ ರಜೆ ಕೇಳಿದವರು ರಜೆ ಮುಗಿಸಿ ವಾಪಸು ಬಂದಿರುತ್ತಿದ್ದರು. ಅಂಥ ಕಾಲದಲ್ಲಿ ಹೆಡ್ ಆಫೀಸಿನ ಕಂಪ್ಯೂಟರ್ ವಿಭಾಗದ ಕಾರ್ತಿಕ್ ಎಂಬ ಹುಡುಗ ಫೋನ್ ಮಾಡಿದ. "ಮೇಡಂ, ಇನ್ನು ಮೇಲೆ ನೀವು ಇದನ್ನೆಲ್ಲ ಒತ್ತುತ್ತಾ ಕೂರಬೇಕಾಗಿಲ್ಲ. ಎಐ ಏಜೆಂಟ್ ಒಂದನ್ನು ಸಾಫ್ಟ್‌ವೇರ್‌ಗೆ ಜೋಡಿಸೋಣ. ನೀವು ಮಾತಿನಲ್ಲಿ ಹೇಳಿದರೆ ಸಾಕು, ಅದೇ ಎಲ್ಲ ಮಾಡುತ್ತದೆ. ಕಮಾಂಡ್ ಲೈನಿನಲ್ಲಿ, ಕರಿ ಪರದೆಯ ಮೇಲೆ ಒಂದು ಸಾಲು ಟೈಪ್ ಮಾಡಿ, ಜೋಡಿಸಬೇಕು. ಮುಂದಿನ ತಿಂಗಳು ನಾನೇ ಬಂದು ಮಾಡಿಕೊಡುತ್ತೇನೆ" ಎಂದ.

ಮೊದಲ ಸಾಲಿನಲ್ಲಿ ಹೇಳಿದ ಮಾತನ್ನು ಆಗಲೇ, ಇಡೀ ಆಫೀಸಿನ ಎದುರು, ನಾನು ಆಡಿದ್ದು. ಆ ಸಾಲನ್ನು ಕಳಿಸು, ನಾನೇ ಹಾಕುತ್ತೇನೆ ಎಂದೆ.

ಮನೆಯಲ್ಲಿ ಸುದ್ದಿ ಹೇಳಿದೆ. ನನ್ನ ಗಂಡ ಭೋಜನ್ ನಮ್ಮ ಹಟ್ಟಿಯ, ಎಂದರೆ ಊರಿನ, ಉಳಿದವರಂತೆ ಸಣ್ಣ ಟೀ ತೋಟದವನು. ಹಸಿರೆಲೆ ಕೊಯ್ಸಿ ನಮ್ಮ ಫ್ಯಾಕ್ಟರಿಗೇ ಹಾಕುತ್ತಾನೆ. ಏಜೆಂಟ್ ಎಂದ ಕೂಡಲೇ ಅವನ ಕೈಯಲ್ಲಿದ್ದ ತುತ್ತು ನಿಂತಿತು.

"ಇನ್ನೊಬ್ಬ ಏಜೆಂಟಾ? ಎಲೆ ತೂಕ ಹಾಕೋ ಏಜೆಂಟನ ಕಾಟವೇ ಸಾಕಾಗಿದೆ ನಮಗ."

"ಇವನು ಆ ಏಜೆಂಟ್ ಇಲ್ಲೆ. ಕಂಪ್ಯೂಟರ್ ಒಳಗ ಇರೋನು."

"ಒಳಗ ಇದ್ದರ ಇನ್ನೂ ಕಷ್ಟ. ಹೊರಗಿದ್ದವನ ಕಾಲರ್ ಆದರೂ ಹಿಡಿಯಬಹುದು" ಎಂದು ಅವನು ಊಟ ಮುಂದುವರಿಸಿದ. ರೈತನಿಗೆ ತಂತ್ರಜ್ಞಾನದ ಮೇಲೆ ನಂಬಿಕೆ ಕಡಿಮೆ ಎಂದು ನಾನು ಮನಸ್ಸಿನಲ್ಲೇ ಮರುಕಪಟ್ಟೆ.

ಮರುದಿನ ಕಾರ್ತಿಕ್ ವಾಟ್ಸಾಪಿನಲ್ಲಿ ಕಳಿಸಿದ ಸಾಲನ್ನು ಕರಿ ಪರದೆಯ ಮೇಲೆ ಹಾಕಿ ಎಂಟರ್ ಒತ್ತಿದೆ. ಇಂಥ ಆಜ್ಞೆ ಇಲ್ಲ ಎಂದಿತು. ಮತ್ತೆ ಒತ್ತಿದೆ. ಮತ್ತೆ ಇಲ್ಲ ಎಂದಿತು. ದೊಡ್ಡಕ್ಷರದಲ್ಲಿ ಹಾಕಿದೆ. ಕೊನೆಗೆ ಮುಂದೆ ಒಂದು 'ಪ್ಲೀಸ್' ಸೇರಿಸಿದೆ. ಕಂಪ್ಯೂಟರು ಎಷ್ಟು ಒರಟಾಗಿ ಇಲ್ಲ ಎನ್ನಬಲ್ಲದೆಂದು ನನಗೆ ಗೊತ್ತಿರಲಿಲ್ಲ. ಆ ಹೊತ್ತಿಗೆ ಮ್ಯಾನೇಜರ್ ಚಂದ್ರನ್ ಸಾರ್ ನನ್ನ ಹಿಂದೆ ಬಂದು ನಿಂತರು. ತಿರುನೆಲ್ವೇಲಿ ಕಡೆಯವರು, ಮೃದು ಮನುಷ್ಯ. ಕರಿ ಪರದೆ ನೋಡಿ, "ಕೆಟ್ಟು ಹೋಯಿತಾ ಅಮ್ಮಾ? ಪರವಾಗಿಲ್ಲ, ಹಳೆಯದು" ಎಂದು ಸಮಾಧಾನ ಹೇಳಿ ಹೋದರು.

ಕಾರ್ತಿಕ್‌ಗೆ ಫೋನ್ ಮಾಡಿದೆ.

"ಮೇಡಂ, ಅಲ್ಲಿ ಎರಡು ಚಿಕ್ಕ ಗೆರೆ ಇರಬೇಕು. ವಾಟ್ಸಾಪ್ ಅದನ್ನು ಒಂದು ಉದ್ದ ಗೆರೆ ಮಾಡಿಬಿಟ್ಟಿದೆ."

"ಉದ್ದದ್ದು ಒಂದು ಅಂದರೆ ಚಿಕ್ಕದು ಎರಡಕ್ಕೆ ಸಮ ತಾನೇ?"

"ಅಲ್ಲ ಮೇಡಂ."

ಎರಡು ಚಿಕ್ಕ ಗೆರೆ ಎಳೆದೆ. ತಕ್ಷಣ ಪರದೆ ತುಂಬ ಅಕ್ಷರಗಳು ಮಳೆಯಂತೆ ಸುರಿದವು. ಆಮೇಲೆ ಒಂದು ಉದ್ದನೆಯ ರಹಸ್ಯ ಕೀಲಿಪದ ಬಂತು. ಇದನ್ನು ಯಾರಿಗೂ ತೋರಿಸಬೇಡಿ, ಕಾಪಿ ಮಾಡಿ ಇಲ್ಲಿ ಅಂಟಿಸಿ ಎಂದಿತು. ಕಾಪಿ ಮಾಡಿದೆ. ಅಂಟಿಸಿದ್ದು ಪಕ್ಕದ ಕಿಟಕಿಯಲ್ಲಿ ತೆರೆದಿದ್ದ ಫ್ಯಾಕ್ಟರಿಯ ವಾಟ್ಸಾಪ್ ಗುಂಪಿಗೆ. ತಪ್ಪು ತಿಳಿದು ಅಳಿಸುವ ಮೊದಲೇ ಎಲೆ ಬಾಡಿಸುವ ವಿಭಾಗದ ಸೂಪರ್‌ವೈಸರ್ ನಂಜ ಭಾವ ಅದಕ್ಕೆ ಕೈಮುಗಿಯುವ ಚಿತ್ರ ಹಾಕಿದ್ದರು. ಅದನ್ನು ಯಾವುದೋ ಮಂತ್ರ ಅಂದುಕೊಂಡರಂತೆ. ನಂಜ ಭಾವ ನನ್ನ ಗಂಡನ ಹಟ್ಟಿಯವರು, ಆದ್ದರಿಂದ ನನಗೆ ಭಾವ.

ಹೊಸ ಕೀಲಿಪದ ತೆಗೆಸಿ ಸರಿಯಾದ ಜಾಗದಲ್ಲಿ ಅಂಟಿಸಿದೆ. ಕೊನೆಯದಾಗಿ ಎರಡು ಪ್ರಶ್ನೆ ಬಂದವು. ಏಜೆಂಟ್‌ಗೆ ದಾಖಲೆ ಓದುವ ಅಧಿಕಾರ ಮಾತ್ರ ಕೊಡಬೇಕೇ, ಬರೆಯುವ ಅಧಿಕಾರವನ್ನೂ ಕೊಡಬೇಕೇ? ಓದಲು ಬಂದು ಬರೆಯಲು ಬಾರದವನನ್ನು ಆಫೀಸಿನಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ಎರಡೂ ಕೊಟ್ಟೆ. ಪ್ರತಿಯೊಂದು ಕೆಲಸಕ್ಕೂ ನಿಮ್ಮ ಅನುಮತಿ ಕೇಳಬೇಕೇ? ದೊಡ್ಡ ಕೆಲಸಕ್ಕೆ ಮಾತ್ರ ಕೇಳು ಎಂದೆ. ದೊಡ್ಡದು ಯಾವುದು ಎಂದು ಅದೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೊದಲ ಕೆಲವು ದಿನ ಏಜೆಂಟ್ ಚಿನ್ನದಂಥ ಕೆಲಸ ಮಾಡಿತು. "ಇವತ್ತು ಯಾರು ಬಂದಿಲ್ಲ?" ಎಂದು ಟೈಪ್ ಮಾಡಿದರೆ ಹೆಸರು ಹೇಳುತ್ತಿತ್ತು. ಕೆಲಸಗಾರರು ಫೋನಿನಲ್ಲಿ ಮಾತಾಡಿ ಕಳಿಸಿದ ರಜೆಯ ಕೋರಿಕೆಯನ್ನು ಕೇಳಿ ತಾನೇ ದಾಖಲಿಸುತ್ತಿತ್ತು. ಚಂದ್ರನ್ ಸಾರ್‌ಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ಇದು ಟೀ ಕುಡಿಯುವುದಿಲ್ಲವೇ?" ಎಂದರು.

"ಇಲ್ಲ ಸಾರ್."

"ಹಾಗಾದರೆ ಇಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ."

ಅಸೂಯೆ ಎಂದುಕೊಂಡೆ.

ಆಗ ನಮ್ಮ ಹಟ್ಟಿಯ ಹಾಲ ತಾತ ತೀರಿಕೊಂಡರು. ಹಟ್ಟಿಗೇ ಹಿರಿಯರು, ತುಂಬು ಬದುಕು ಬಾಳಿ ಹೋದವರು. ನಮ್ಮಲ್ಲಿ ಸಾವೆಂದರೆ ಒಂದು ಮನೆಯ ವಿಷಯವಲ್ಲ. ಒಂದು ಹಟ್ಟಿಯಲ್ಲಿ ಹುಟ್ಟಿದವರೆಲ್ಲ ಅಣ್ಣ ತಮ್ಮ, ಅಕ್ಕ ತಂಗಿ. ಆ ಹಟ್ಟಿಗೆ ಹೆಣ್ಣು ಕೊಟ್ಟ ಹಟ್ಟಿಯವರೆಲ್ಲ ಮಾವ, ಭಾವ. ಸುತ್ತಲ ಹಟ್ಟಿಗಳೆಲ್ಲ ಒಂದಲ್ಲ ಒಂದು ಕಾಲದಲ್ಲಿ ಹೆಣ್ಣು ಕೊಟ್ಟೋ ತಂದೋ ಇರುವುದರಿಂದ ಯಾರನ್ನೂ ಹೊರಗಿನವರು ಎಂದು ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಫ್ಯಾಕ್ಟರಿಯ ಹೆಚ್ಚಿನವರು ಸಾವಿನ ರಜೆ ಕೇಳಿದರು. ಕಂಪನಿಯ ನಿಯಮದ ಪ್ರಕಾರ ಆ ರಜೆ ಹತ್ತಿರದ ಸಂಬಂಧಿಕರಿಗೆ ಮಾತ್ರ. ಹಿಂದೆಲ್ಲ ನಾನು ಕಣ್ಣು ಮುಚ್ಚಿ ಕೊಟ್ಟುಬಿಡುತ್ತಿದ್ದೆ. ಈ ಸಲ ನನ್ನ ಬಳಿ ಏಜೆಂಟ್ ಇತ್ತು. ಅದಕ್ಕೆ ಮುಚ್ಚಲು ಕಣ್ಣಿರಲಿಲ್ಲ.

ಅದು ಪ್ರತಿಯೊಬ್ಬರಿಗೂ ತಮಿಳಿನಲ್ಲಿ, ಬಹಳ ಗೌರವದಿಂದ, "ತೀರಿಕೊಂಡವರು ತಮಗೆ ಏನಾಗಬೇಕು?" ಎಂದು ಕೇಳಿತು. ಜನ ಇದ್ದುದನ್ನೇ ಹೇಳಿದರು. ಕೆಲವರು ತಾತ ಎಂದರು. ಕೆಲವರು ದೊಡ್ಡಪ್ಪ ಎಂದರು. ವಯಸ್ಸಾದವರು ಅಣ್ಣ ಎಂದರು. ಏಜೆಂಟ್ ನನ್ನನ್ನು ಕೇಳಿತು: "ಸಿಬ್ಬಂದಿಯ ದಾಖಲೆಯಲ್ಲಿ ಸಂಬಂಧಗಳ ವಿವರ ಅಪೂರ್ಣವಾಗಿದೆ. ಅವರನ್ನೇ ವಿಚಾರಿಸಿ ತುಂಬಲೇ?"

ಇಷ್ಟು ಶ್ರದ್ಧೆಯ ಕೆಲಸಗಾರ ನನ್ನ ಕೈಕೆಳಗೆ ಎಂದೂ ಇರಲಿಲ್ಲ. ತುಂಬು ಎಂದೆ.

ಅದು ವಿಚಾರಿಸಿತು. ನಂಜನ್ ನಿಮಗೆ ಏನಾಗಬೇಕು? ಅಣ್ಣ. ಮಾದಿ ನಿಮಗೆ ಏನಾಗಬೇಕು? ಅಕ್ಕ. ಲಂಕೆಯಿಂದ ಬಂದು ನೆಲೆಸಿದ ತಮಿಳು ಕುಟುಂಬದವರೂ ಅಣ್ಣ, ಅಕ್ಕ, ಮಾಮ ಎಂದೇ ಹೇಳಿದರು, ಹಾಗೆ ಕರೆದು ತಾನೇ ಅಭ್ಯಾಸ. ಟೀ ಪುಡಿ ಬೇರ್ಪಡಿಸುವ ವಿಭಾಗದ ಮಾದಿ ಅಕ್ಕ ಮ್ಯಾನೇಜರ್ ಚಂದ್ರನ್ ಸಾರ್‌ರನ್ನೇ 'ತಮ್ಮ' ಎಂದು ಬರೆಸಿದರು. ವಯಸ್ಸಿನಲ್ಲಿ ಚಿಕ್ಕವರು, ತಮ್ಮ ಎನ್ನದೆ ಇನ್ನೇನೆನ್ನಬೇಕು?

ಹಾಲ ತಾತನ ಕಾರ್ಯದ ದಿನ ಬೆಳಿಗ್ಗೆ ನಾನು ಆಫೀಸಿಗೆ ಒಂದು ಗಳಿಗೆ ಹೋಗಿ ಬರೋಣವೆಂದು ಹೋದೆ. ನಮ್ಮ ಹೆಂಗಸರು ಹೊದೆಯುವ ಬಿಳಿ ಮುಂಡನ್ನು ಹೆಗಲಿಗೆ ಹೊದ್ದಾಗಿತ್ತು. ಹೊರಗೆ ಭೋಜನ್ ಜೀಪಿನ ಹಾರನ್ ಒತ್ತುತ್ತಿದ್ದ. ಪರದೆಯ ಮೇಲೆ ಉದ್ದನೆಯದೊಂದು ವರದಿ ಇತ್ತು. ಕೊನೆಯ ಸಾಲು ಮಾತ್ರ ಓದಿದೆ: "ಕಂಪನಿಯ ನಿಯಮಕ್ಕೆ ವಿರುದ್ಧವಾದ ಸಂಗತಿ ಕಂಡುಬಂದಿದೆ. ನಿಯಮದಲ್ಲಿರುವ ಕ್ರಮ ಕೈಗೊಳ್ಳಲೇ?"

ಭೋಜನ್ ಮತ್ತೆ ಹಾರನ್ ಒತ್ತಿದ. ನಾನು ಹೌದು ಎಂದು ಒತ್ತಿದೆ.

ಕಾರ್ಯದಲ್ಲಿ ನಮ್ಮದೊಂದು ಪದ್ಧತಿ ಇದೆ. ತೀರಿಕೊಂಡವರು ತಿಳಿದೋ ತಿಳಿಯದೆಯೋ ಮಾಡಿರಬಹುದಾದ ಪಾಪಗಳನ್ನು ಹಿರಿಯರೊಬ್ಬರು ಒಂದೊಂದಾಗಿ ಹೇಳುತ್ತಾರೆ. ಬೇಲಿ ಸರಿಸಿದ್ದು, ಅಣ್ಣ ತಮ್ಮಂದಿರ ನಡುವೆ ಜಗಳ ತಂದದ್ದು, ಹೀಗೆ. ಪ್ರತಿಯೊಂದಕ್ಕೂ ನೆರೆದವರು "ಅದು ಪಾಪ" ಎಂದು ಒಪ್ಪಿ, ಅದು ಕಳೆಯಲಿ ಎಂದು ಬೇಡುತ್ತಾರೆ. ಹಿರಿಯರ ದನಿ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಎಲ್ಲರ ಕಣ್ಣೂ ತೇವವಾಗಿತ್ತು. ಆಗ ನಂಜ ಭಾವನ ಜೇಬಿನಲ್ಲಿ ಫೋನ್ ಗುಂಯ್ ಎಂದಿತು. ಅವರ ಪಕ್ಕದವರದು ಗುಂಯ್ ಎಂದಿತು. ಆಮೇಲೆ ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ಇಡೀ ಗುಂಪು ಗುಂಯ್‌ಗುಟ್ಟಿತು. ಹಿರಿಯರು ನಿಲ್ಲಿಸಿ ಸುತ್ತ ನೋಡಿದರು. ಅವರ ಫೋನೂ ಗುಂಯ್ ಎಂದಿತು. ಅವರು ನಮ್ಮ ಫ್ಯಾಕ್ಟರಿಯ ಹಗಲು ಕಾವಲುಗಾರರು.

ನನ್ನದನ್ನು ತೆಗೆದು ನೋಡಿದೆ. ಅಚ್ಚುಕಟ್ಟಾದ ತಮಿಳಿನಲ್ಲಿ ಒಂದು ನೋಟೀಸು. ಸಾರಾಂಶ ಇದು: ಸಂಬಂಧಿಕರು ಸಂಬಂಧಿಕರ ಕೈಕೆಳಗೆ ಕೆಲಸ ಮಾಡುವುದು ಕಂಪನಿಯಲ್ಲಿ ನಿಷಿದ್ಧ. ತಾವು ಈ ಫ್ಯಾಕ್ಟರಿಯ ಸಮಸ್ತ ಸಿಬ್ಬಂದಿಗೆ ಸಂಬಂಧಿಕರಾಗಿದ್ದೂ ಅದನ್ನು ಕೆಲಸಕ್ಕೆ ಸೇರುವಾಗ ಮುಚ್ಚಿಟ್ಟಿದ್ದೀರಿ. ತಮ್ಮ ಮೇಲೆ ಯಾಕೆ ಕ್ರಮ ಕೈಗೊಳ್ಳಬಾರದು ಎಂಬುದಕ್ಕೆ ವಿವರಣೆ ನೀಡತಕ್ಕದ್ದು. ವಿವರಣೆ ಒಪ್ಪಿತವಾಗುವ ತನಕ ಸಂಬಂಧಿಕರಿಗೆ ಯಾವುದೇ ಕೆಲಸ ಹೇಳತಕ್ಕದ್ದಲ್ಲ.

ಮೇಲೆ, ಗೌರಿ ಅವರಿಗೆ, ಎಂದಿತ್ತು. ಕೆಳಗೆ, ಇಂತಿ, ಗೌರಿ, ಎಂದಿತ್ತು.

ಎಲ್ಲರೂ ಕೆಳಗಿನ ಹೆಸರು ಓದಿ ನನ್ನ ಕಡೆ ತಿರುಗಿದರು. ಹಿರಿಯರು ಕನ್ನಡಕ ತೆಗೆದು ಫೋನನ್ನು ಜೇಬಿಗೆ ಹಾಕಿಕೊಂಡು, ನಿಲ್ಲಿಸಿದಲ್ಲಿಂದ ಮತ್ತೆ ಹೇಳತೊಡಗಿದರು. ಅವರು ಹೇಳಿದ ಮುಂದಿನ ಪಾಪ ಯಾವುದೋ ನನಗೆ ಕೇಳಿಸಲಿಲ್ಲ. "ಅದು ಪಾಪ" ಎಂದು ಜನ ಹೇಳಿದ್ದು ಮಾತ್ರ ಕೇಳಿಸಿತು, ಹಿಂದೆಂದಿಗಿಂತ ಗಟ್ಟಿಯಾಗಿ, ನನ್ನನ್ನೇ ನೋಡಿಕೊಂಡು.

ಕಾರ್ಯ ಮುಗಿಯುತ್ತಿದ್ದಂತೆ ಭೋಜನ್ ನನ್ನನ್ನು ಜೀಪಿನಲ್ಲಿ ಫ್ಯಾಕ್ಟರಿಗೆ ಇಳಿಸಿದ. ಚಂದ್ರನ್ ಸಾರ್ ಬಾಗಿಲಲ್ಲೇ ಫೋನ್ ಹಿಡಿದು ನಿಂತಿದ್ದರು.

"ಅಮ್ಮಾ, ನಾನು ತಿರುನೆಲ್ವೇಲಿ. ನನಗೆ ಇಲ್ಲಿ ಅಕ್ಕ ಹೇಗೆ ಬಂದರು?"

"ಮಾದಿ ಅಕ್ಕ ಪ್ರೀತಿಯಿಂದ ಬರೆಸಿದ್ದು ಸಾರ್."

"ಪ್ರೀತಿ ಇರಲಿ. ವಿವರಣೆ ಯಾರು ಬರೆಯುವುದು?"

ನಾನು ಕಂಪ್ಯೂಟರ್ ಮುಂದೆ ಕೂತೆ. ಏಜೆಂಟನ್ನು ಕೇಳಿದೆ, ಯಾಕೆ ಹೀಗೆ ಮಾಡಿದೆ ಎಂದು. ಅದು ಸಮಾಧಾನವಾಗಿ ಕಾರಣ ಕೊಟ್ಟಿತು. ಸಿಬ್ಬಂದಿ ತಾವೇ ಸಂಬಂಧ ಒಪ್ಪಿಕೊಂಡಿದ್ದಾರೆ. ಅಲ್ಲದೆ ಕಂಪನಿಯ ನಿಯಮದ ಪುಸ್ತಕದ ಮೊದಲ ಪುಟದಲ್ಲೇ 'ನಾವೆಲ್ಲರೂ ಒಂದೇ ಕುಟುಂಬ' ಎಂದು ದಪ್ಪಕ್ಷರದಲ್ಲಿ ಬರೆದಿದೆ. ಆದ್ದರಿಂದ ಅನುಮಾನಕ್ಕೆ ಎಡೆಯಿಲ್ಲ.

ನನಗೆ ಅದರೊಡನೆ ವಾದ ಮಾಡುವ ತಾಳ್ಮೆ ಇರಲಿಲ್ಲ. ಒಂದೇ ಸಾಲು ಟೈಪ್ ಮಾಡಿದೆ: "ಎಲ್ಲ ಸಂಬಂಧಗಳನ್ನೂ ಈಗಲೇ ತೆಗೆದುಹಾಕು."

ಇದು ದೊಡ್ಡ ಕೆಲಸ, ಮಾಡಲೇ ಎಂದು ಕೇಳಿತು. ಇದ್ದಬದ್ದ ಸಿಟ್ಟನ್ನೆಲ್ಲ ಬೆರಳಿಗೆ ತಂದು ಹೌದು ಎಂದು ಒತ್ತಿದೆ. ಮುಗಿಯಿತು ಎಂದಿತು. ನೆಮ್ಮದಿಯಾಗಿ ಕುರ್ಚಿಗೆ ಒರಗಿದೆ.

ಬಾಗಿಲ ಬಳಿ ನಿಂತಿದ್ದ ಭೋಜನ್ ತನ್ನ ಫೋನನ್ನು ನೋಡುತ್ತಿದ್ದ. "ಗೌರಿ, ಇದೇನ?" ಎಂದು ನನ್ನ ಮುಂದೆ ಹಿಡಿದ. ನನ್ನ ದಾಖಲೆಯಲ್ಲಿ ಗಂಡನೆಂದು ಅವನ ಹೆಸರು, ನಂಬರು ಇತ್ತಲ್ಲ, ಆ ನಂಬರಿಗೆ ಬಂದಿತ್ತು: "ಮಾನ್ಯರೇ, ತಾವು ಇನ್ನು ಮುಂದೆ ಗೌರಿ ಅವರಿಗೆ ಸಂಬಂಧಪಟ್ಟವರಲ್ಲ. ಇಷ್ಟು ದಿನದ ಸಹಕಾರಕ್ಕೆ ಧನ್ಯವಾದಗಳು."

ಎಲ್ಲ ಅಂದರೆ ಎಲ್ಲ. ಅಣ್ಣ ತಮ್ಮಂದಿರ ಜೊತೆ ಗಂಡ ಹೆಂಡಿರು, ಅಪ್ಪ ಅಮ್ಮಂದಿರು, ಮಕ್ಕಳು, ಫ್ಯಾಕ್ಟರಿಯ ದಾಖಲೆಯಲ್ಲಿದ್ದ ಅಷ್ಟೂ ಬಂಧುಬಳಗ ಹೋಗಿತ್ತು. ಪ್ರತಿಯೊಬ್ಬರಿಗೂ ಧನ್ಯವಾದ ಹೇಳಿ ಕಳಿಸಿತ್ತು.

ಭೋಜನ್ ಸಂದೇಶವನ್ನು ಇನ್ನೊಮ್ಮೆ ಓದಿದ. "ಧನ್ಯವಾದ ಹೇಳಿದೆಯಲ್ಲ, ಇಷ್ಟು ವರ್ಷದಲ್ಲಿ ಇದೇ ಮೊದಲು" ಎಂದ. ಆಮೇಲೆ, "ಮನೆಗ ಬರ್ತಿಯಾ, ಇಲ್ಲಾ ಅದಕ್ಕೂ ಯಾರನ್ನಾದರೂ ಕೇಳಬೇಕಾ?" ಎಂದ.

ಮಾರನೆಯ ಬೆಳಿಗ್ಗೆ ಫ್ಯಾಕ್ಟರಿಯ ಅಂಗಳದಲ್ಲಿ ಜನ ನಿಂತಿದ್ದರು, ಯಾರೂ ಒಳಗೆ ಹೋಗಿರಲಿಲ್ಲ. ಎಲೆ ತಂದ ಗಾಡಿಗಳು ಸಾಲಾಗಿ ಬಂದು ಸುರಿದಿದ್ದವು. ಕೊಯ್ದ ಎಲೆಯನ್ನು ಬೇಗ ಬಾಡಿಸುವ ತೊಟ್ಟಿಗೆ ಹರಡದಿದ್ದರೆ ರಾಶಿಯೊಳಗೇ ಕಾದು ಕೆಂಪಾಗುತ್ತದೆ. ಕೆಂಪಾದ ಎಲೆ ಗೊಬ್ಬರಕ್ಕೆ ಮಾತ್ರ. ನಂಜ ಭಾವ ರಾಶಿಯ ಪಕ್ಕ ಕೈಕಟ್ಟಿ ನಿಂತಿದ್ದರು. ಕಾನೂನಿಗೆ ಹೆದರುವ ಮನುಷ್ಯ. ಸಂಬಂಧಿಕರಿಗೆ ಕೆಲಸ ಹೇಳತಕ್ಕದ್ದಲ್ಲ ಎಂದು ನೋಟೀಸಿನಲ್ಲಿ ಇದ್ದ ಕಾರಣ ಬಾಯಿ ಬಿಡುತ್ತಿರಲಿಲ್ಲ. ಎಲೆಯ ಕಡೆಗೆ ಗಲ್ಲ ಎತ್ತಿ ತೋರಿಸುತ್ತಿದ್ದರು. ಅದು ಕೆಲಸ ಹೇಳಿದ್ದೋ ಅಲ್ಲವೋ ಎಂದು ಹುಡುಗರು ಚರ್ಚಿಸುತ್ತಿದ್ದರು.

"ನಿನ್ನೆ ಮೊದಲು ಸಂಬಂಧಿಕರು ಅಂತ ಬಂತು. ಆಮೇಲೆ ಸಂಬಂಧಿಕರಲ್ಲ ಅಂತ ಬಂತು," ನಂಜ ಭಾವ ನನಗೆ ಹೇಳಿದರು. "ಯಾವುದು ಅಂತ ನೀ ಬಾಯಲಿ ಹೇಳು. ನಾ ಕೆಲಸ ಶುರು ಮಾಡಿಸ್ತೀನಿ."

ಅಷ್ಟರಲ್ಲಿ ಮಾದಿ ಅಕ್ಕ ಮುಂದೆ ಬಂದರು. ನಾನು ಹುಟ್ಟಿದ ಹಟ್ಟಿಯವರೇ. ನನಗಿಂತ ಮೊದಲು ಈ ಹಟ್ಟಿಗೆ ಮದುವೆಯಾಗಿ ಬಂದವರು. ನಾನು ಹೊಸದಾಗಿ ಬಂದಾಗ ಇಲ್ಲಿನ ದಾರಿ, ಇಲ್ಲಿನ ಅತ್ತೆಯಂದಿರು, ಎಲ್ಲವನ್ನೂ ಕಲಿಸಿಕೊಟ್ಟವರು.

"ನಿನ್ನ ಮದುವೆಯಲಿ ಅನ್ನಕ್ಕ ಅವರೆ ಉದಕ ಬಡಿಸಿದವಳು ನಾ. ಎನಗ ನೋಟೀಸು ಕೊಟ್ಟೆ. ಅದು ಹೋಗಲಿ," ಎಂದರು. ಮುಂಡಿನ ಮಡಿಕೆಯಿಂದ ಗುಂಡಿ ಸವೆದ ಒಂದು ಹಳೆಯ ಫೋನ್ ತೆಗೆದರು. ಅವರ ಗಂಡನದು. ಗಂಡ ತೀರಿಕೊಂಡು ಕೆಲವು ವರ್ಷವಾಗಿತ್ತು. ಆ ನಂಬರನ್ನು ಅಕ್ಕ ಬಿಡದೆ ಉಳಿಸಿಕೊಂಡಿದ್ದಾರೆಂದು ನನಗೆ ಆವರೆಗೆ ಗೊತ್ತಿರಲಿಲ್ಲ. ಫ್ಯಾಕ್ಟರಿಯ ದಾಖಲೆಯಲ್ಲಿ ಅವರ ಗಂಡನ ಹೆಸರನ್ನು ನಾನೂ ತೆಗೆದಿರಲಿಲ್ಲ. "ಇದಕ್ಕ ಬಂದದೆ. ನೀವು ಮಾದಿಗೆ ಸಂಬಂಧಪಟ್ಟವರಲ್ಲ ಅಂತ. ಸಾವು ಬಿಡಿಸಿಲ್ಲೆ, ಗೌರಿ. ನಿನ್ನ ಮಿಷನ್ನು ಬಿಡಿಸಿತು."

ಅದುವರೆಗೂ ನನ್ನ ಬಳಿ ಎಲ್ಲದಕ್ಕೂ ಉತ್ತರವಿತ್ತು. ಉದ್ದ ಗೆರೆಯ ಮೇಲೆ, ಕಾರ್ತಿಕ್ ಮೇಲೆ, ಭೋಜನನ ಹಾರನ್ ಮೇಲೆ ಗೂಬೆ ಕೂರಿಸಲು ರಾತ್ರಿಯೇ ತಯಾರಿ ಮಾಡಿಕೊಂಡಿದ್ದೆ. ಅದನ್ನೆಲ್ಲ ಅಲ್ಲೇ ಬಿಟ್ಟೆ.

"ತಪ್ಪಾಯಿತು ಅಕ್ಕ. ಬಾ" ಎಂದು ಅವರ ಕೈ ಹಿಡಿದು ಆಫೀಸಿನೊಳಗೆ ಕರೆದುಕೊಂಡು ಹೋದೆ. ಏಜೆಂಟನ್ನು ಕರೆಯಲಿಲ್ಲ. ಸಾಫ್ಟ್‌ವೇರಿನ ಒಂದೊಂದೇ ಬಾಗಿಲು ತೆರೆದು ಮಾದಿ ಅಕ್ಕನ ಪುಟಕ್ಕೆ ಹೋದೆ. ಅವರು ಹೆಸರಿನ ಅಕ್ಷರ ಹೇಳಿದರು, ನಾನು ಟೈಪ್ ಮಾಡಿದೆ. ಗಂಡ, ಎಂದು ಹಾಕಿದೆ. ಉಳಿಸು, ಎಂದು ಒತ್ತಿದೆ. ಅಕ್ಕ ಪರದೆಯ ಹತ್ತಿರ ಬಗ್ಗಿ, ಓದಿ ನೋಡಿ, "ಇನಿಷಿಯಲ್ ಬಿಟ್ಟಿದ್ದೆ ನೀ" ಎಂದರು. ಅದನ್ನೂ ಹಾಕಿದೆ.

ಆಗ ಹೆಡ್ ಆಫೀಸಿನಿಂದ ಫೋನ್ ಬಂತು. ಕಾರ್ತಿಕ್ ಅಲ್ಲ, ಅವನ ಮೇಲಿನವರ ಮೇಲಿನವರು, ಇಡೀ ಕಂಪನಿಯ ಎಚ್.ಆರ್. ನೋಡಿಕೊಳ್ಳುವ ಮೇಡಂ. ನಾನು ಫೋನನ್ನು ಅಂಗಳಕ್ಕೆ ತಂದು, ಎಲೆ ತೂಗುವ ಕಟ್ಟೆಯ ಮೇಲೆ ನಿಂತು, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದೆ. ಧೈರ್ಯಕ್ಕೆ ಹಾಗೆ ಮಾಡಿದ್ದಲ್ಲ. ಒಬ್ಬಳೇ ಬೈಸಿಕೊಳ್ಳುವುದು ಬೇಡ ಎಂದಷ್ಟೇ.

"ಗೌರಿ, ಏನು ನಡೀತಿದೆ ಅಲ್ಲಿ? ಮೊದಲು ಸಿಬ್ಬಂದಿಗೆಲ್ಲ ಲಿಖಿತವಾಗಿ ಕ್ಷಮೆ ಕೇಳಿ."

"ಕೇಳಬೇಕಾದವರ ಹತ್ತಿರ ಬಾಯಲ್ಲಿ ಕೇಳಿದ್ದಾಯಿತು ಮೇಡಂ. ಬರೆದು ಕೊಡುವುದಿಲ್ಲ."

"ಯಾಕೆ?"

"ಏಜೆಂಟ್ ಹೇಳಿದ್ದರಲ್ಲಿ ಸುಳ್ಳಿಲ್ಲ. ಇಲ್ಲಿ ಎಲ್ಲರೂ ಸಂಬಂಧಿಕರೇ. ಮುಚ್ಚಿಟ್ಟಿದ್ದೂ ಅಲ್ಲ, ನೀವು ಕೇಳಿರಲಿಲ್ಲ. ನಿಮ್ಮ ನಿಯಮದ ಪ್ರಕಾರ ಸಂಬಂಧವಿಲ್ಲದವರೇ ಬೇಕು ಅಂದರೆ ಈ ಬೆಟ್ಟದಲ್ಲಿ ನಿಮಗೆ ಫ್ಯಾಕ್ಟರಿ ನಡೆಸಲಿಕ್ಕೆ ಉಳಿಯುವುದು ಕಾಡೆಮ್ಮೆ ಮಾತ್ರ. ಮತ್ತೆ, ನಾವೆಲ್ಲರೂ ಒಂದೇ ಕುಟುಂಬ ಅಂತ ಮೊದಲ ಪುಟದಲ್ಲಿ ಬರೆದದ್ದು ನಾವಲ್ಲ, ಹೆಡ್ ಆಫೀಸು. ಅದು ನಿಜವಾದರೆ ಇಲ್ಲಿ ನಿಂತಿರುವ ಎಲ್ಲರ ಜೊತೆ ನಿಮಗೂ ಒಂದು ನೋಟೀಸು ಬರಬೇಕು. ಸುಳ್ಳಾದರೆ ಆ ಪುಟ ತೆಗೆಯಬೇಕು. ಯಾವುದು ಅಂತ ಹೇಳಿ ಮೇಡಂ, ಎಲೆ ಕೆಂಪಾಗುತ್ತಿದೆ."

ಚಂದ್ರನ್ ಸಾರ್ ಆಕಾಶ ನೋಡುತ್ತಿದ್ದರು. ಮೇಡಂ, "ಸದ್ಯಕ್ಕೆ ನಿಮ್ಮ ಫ್ಯಾಕ್ಟರಿಯ ಮಟ್ಟಿಗೆ ಆ ನಿಯಮವನ್ನು ತಡೆಹಿಡಿಯೋಣ. ಕೆಲಸ ಶುರು ಮಾಡಿಸಿ" ಎಂದು ಫೋನ್ ಇಟ್ಟರು.

ನಂಜ ಭಾವನ ಬಾಯಿ ತೆರೆಯಿತು. ಬೆಳಗಿನಿಂದ ಕೂಡಿಟ್ಟಿದ್ದನ್ನೆಲ್ಲ ಒಟ್ಟಿಗೇ ಹೊರಗೆ ಹಾಕಿದರು. ಜನ ಓಡಿ ಓಡಿ ಎಲೆ ಹರಡಿದರು. ಬಹುಪಾಲು ಉಳಿಯಿತು. ರಾಶಿಯ ತಳದಲ್ಲಿದ್ದದ್ದು ಮಾತ್ರ ಕೆಂಪಾಗಿ ಹೋಗಿತ್ತು. ಎಲ್ಲರಿಗಿಂತ ಮೊದಲು ಬಂದು ಸುರಿದವನ ಎಲೆ ತಾನೇ ತಳದಲ್ಲಿರುವುದು? ಆ ದಿನ ಎಲ್ಲರಿಗಿಂತ ಮೊದಲು ಬಂದವನು ಭೋಜನ್.

ಅವನು ಕೆಂಪೆಲೆಯನ್ನು ಒಂದು ಹಿಡಿ ತೆಗೆದು ಮೂಸಿ ನೋಡಿ ಕೆಳಗೆ ಹಾಕಿದ. ನಾನು ಬಾಯಿ ತೆರೆಯುವ ಮೊದಲೇ, "ನೀ ಯಾಕ ಬೇಜಾರು ಮಾಡ್ತೆ? ನಾ ನಿನಗ ಏನೂ ಆಗಬೇಕಾಗಿಲ್ಲೆ ತಾನೇ" ಎಂದ. ಅವನ ಪುಟವನ್ನು ಮಾದಿ ಅಕ್ಕನ ನಂತರ ಎರಡನೆಯದಾಗಿ ಸರಿಪಡಿಸಿದೆ. ಅದಕ್ಕೂ ಅವನು ಸಾಕ್ಷಿಯಾಗಿ ಪರದೆಯ ಫೋಟೋ ತೆಗೆದುಕೊಂಡ.

ಉಳಿದವರ ಸಂಬಂಧಗಳನ್ನು ಒಂದೊಂದಾಗಿ ಕೈಯಿಂದಲೇ ಕಟ್ಟಬೇಕಾಯಿತು. ಸಾಫ್ಟ್‌ವೇರಿನಲ್ಲಿ ಇದ್ದದ್ದು ಅಪ್ಪ, ಅಮ್ಮ, ಗಂಡ, ಹೆಂಡತಿ, ಮಕ್ಕಳು, ಇತರೆ. ನಮ್ಮವರಲ್ಲಿ ಯಾರೂ ಇತರೆ ಆಗಲು ಒಪ್ಪಲಿಲ್ಲ. ವಾರಗಟ್ಟಲೆ ಜನ ಟೀ ಹೊತ್ತಿಗೆ ಬಂದು ನನ್ನೆದುರು ಕೂತು, ಯಾವ ಹಟ್ಟಿಯ ಯಾರ ಮಗಳು ಯಾರಿಗೆ ಏನಾಗಬೇಕು ಎಂದು ವಿವರಿಸಿ, ನಾನು ಬರೆದದ್ದನ್ನು ತಿದ್ದಿ ಹೋದರು. ನೋಟೀಸಿನ ಸಿಟ್ಟು ಯಾವಾಗ ಇಳಿಯಿತೋ ಗೊತ್ತಿಲ್ಲ. ಒಂದು ದಿನ ಮಾದಿ ಅಕ್ಕ ಬರುವಾಗ ನನಗೂ ಒಂದು ಲೋಟ ಟೀ ತಂದರು. ಸಕ್ಕರೆ ಹಾಕಿರಲಿಲ್ಲ. ಆದರೂ ತಂದರು.

ಏಜೆಂಟನ್ನು ಕಿತ್ತುಹಾಕಿ ಎಂದು ಕಾರ್ತಿಕ್ ಹೇಳಿದ. ಕಿತ್ತಿಲ್ಲ, ಕೀಳುವುದೂ ಇಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವರು ಈ ಫ್ಯಾಕ್ಟರಿಯಲ್ಲಿ ಅದೊಂದೇ. ಪ್ರತಿ ಕೆಲಸಕ್ಕೂ ಕೇಳಿಯೇ ಮಾಡಬೇಕು ಎಂದು ಮಾತ್ರ ಬದಲಾಯಿಸಿದ್ದೇನೆ. ಈಗ ಅದು ಎಷ್ಟು ಕೇಳುತ್ತದೆಂದರೆ, ಅದಕ್ಕೆ ಉತ್ತರ ಕೊಡುವುದಕ್ಕಿಂತ ರಜೆಯನ್ನು ನಾನೇ ಹಾಕಿಬಿಡುವುದು ಸುಲಭ. ನಾನೇ ಹಾಕುತ್ತೇನೆ. ಇದನ್ನು ಭೋಜನನಿಗೆ ಹೇಳಿಲ್ಲ.

ಒಂದು ಕೆಲಸ ಉಳಿದಿತ್ತು. ಕಳಿಸಿದ ನೋಟೀಸುಗಳನ್ನು ಸಾಫ್ಟ್‌ವೇರ್ ಅಳಿಸಲು ಬಿಡುವುದಿಲ್ಲ. ನೌಕರ ವಿವರಣೆ ಕೊಡಬೇಕು, ಎಚ್.ಆರ್. ಆಫೀಸರ್ ಅದನ್ನು ಓದಿ ತೃಪ್ತಿಕರ ಎಂದೋ ಅಲ್ಲವೆಂದೋ ಬರೆದು ಮುಚ್ಚಬೇಕು. ಎಲ್ಲರಿಂದ ಒಂದೊಂದು ಸಾಲು ಬರೆಸಿದೆ, ಎಲ್ಲವನ್ನೂ ತೃಪ್ತಿಕರ ಎಂದು ಮುಚ್ಚಿದೆ. 'ಅಕ್ಕ ಎಂದು ಒಪ್ಪಿಕೊಂಡಿದ್ದೇನೆ' ಎಂಬ ಚಂದ್ರನ್ ಸಾರ್ ವಿವರಣೆಯನ್ನೂ ಮುಚ್ಚಿದೆ.

ಕೊನೆಗೆ ನನ್ನದು ಬಂತು. ನೌಕರಳಾಗಿ ಕೂತು ವಿವರಣೆ ಬರೆದೆ. ನಾನು ಮಾಡಿದ್ದರಲ್ಲಿ ತಪ್ಪಿಲ್ಲ, ನಿಯಮವೇ ತಪ್ಪು, ಇದೇ ಪ್ರಸಂಗ ಮತ್ತೆ ಬಂದರೂ ಕೊಯಮತ್ತೂರಿನಿಂದ ಯಾರನ್ನೂ ಕರೆಸುವುದಿಲ್ಲ ಎಂದು ಒತ್ತಿ ಬರೆದೆ. ಒಂದು ಅಕ್ಷರವನ್ನೂ ಮೆತ್ತಗೆ ಮಾಡಲಿಲ್ಲ. ಕಳಿಸಿದೆ. ಆಮೇಲೆ ಆಫೀಸರ್ ಆಗಿ ಕೂತು ಅದನ್ನು ತೆರೆದು ಓದಿದೆ. ಬರೆದವಳ ಧಾಟಿ ನೋಡಿ ಮೈ ಉರಿದುಹೋಯಿತು. ಮಾಡಿದ್ದೆಲ್ಲ ಮಾಡಿ, ಇಷ್ಟು ಸೊಕ್ಕೇ? ವಿವರಣೆ ತೃಪ್ತಿಕರವಾಗಿಲ್ಲ ಎಂದು ಬರೆದು, ಎಚ್ಚರಿಕೆ ಪತ್ರ ಸಿದ್ಧಪಡಿಸಿ, ಸಹಿ ಹಾಕಿ, ನನಗೆ ಕೊಟ್ಟೆ. ಪತ್ರ ಮುಟ್ಟಿದೆ, ಕ್ಷಮೆ ಕೋರುತ್ತೇನೆ ಎಂದು ಸಹಿ ಮಾಡಬೇಕಾದ ಜಾಗದಲ್ಲಿ, ಕ್ಷಮೆ ಎಂಬುದನ್ನು ಹೊಡೆದುಹಾಕಿ, ಬರೀ ಸಹಿ ಮಾಡಿ ತೆಗೆದುಕೊಂಡೆ.

ಆ ದಿನದಿಂದ ಆಫೀಸರ್ ಗೌರಿಗೂ ನೌಕರಳಾದ ಗೌರಿಗೂ ಮಾತಿಲ್ಲ. ಇಬ್ಬರೂ ಒಂದೇ ಕುರ್ಚಿಯಲ್ಲಿ ಕೂರುತ್ತಾರೆ, ಒಂದೇ ಡಬ್ಬಿಯಲ್ಲಿ ಊಟ ಮಾಡುತ್ತಾರೆ. ತಲೆ ತಗ್ಗಿಸಲು ಮಾತ್ರ ಇಬ್ಬರೂ ತಯಾರಿಲ್ಲ.